ಸ್ಪೇರ್ ಪಾರ್ಟ್ಸಿನವರೂ ನಾನೂ ಕೇರಂ ಆಡಿದ್ದು

ಹವ್ಯಾಸ ಇರುವುದು ಒಳ್ಳೆಯದು ಎಂದು ಶಾಲೆಯಲ್ಲಿ ನಮ್ಮಿಂದ ಪ್ರಬಂಧ ಬರೆಸುತ್ತಿದ್ದರು. ಎಷ್ಟು ಹವ್ಯಾಸ ಇರಬೇಕು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೆ ದುಬೈಯ ಅಲ್ ನಹ್ದಾದಲ್ಲಿರುವ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟು ಇಂದಿನ ಸ್ಥಿತಿಗೆ ಬರುತ್ತಿರಲಿಲ್ಲ. ಬಾಲ್ಕನಿಯಲ್ಲಿ ನಾನು ಬಸಳೆ ಬೆಳೆಸಿದ್ದೇನೆ. ಅದು ನಮ್ಮ ಕಂಬಿಗೆ ಹಬ್ಬುವ ಬದಲು ಕೆಳಗಿನ ಮನೆಯ ಫಿಲಿಪಿನೋ ದಂಪತಿಯ ಬಾಲ್ಕನಿಗೆ ಇಳಿಯಿತು. ಅವರ ಊರಿನಲ್ಲೂ ಬಸಳೆ ತಿನ್ನುತ್ತಾರಂತೆ. ಖುಷಿಯಿಂದ ಕೊಯ್ದು ಅಡುಗೆ ಮಾಡಿ ಒಂದು ಡಬ್ಬಿ ನಮಗೂ ಕಳಿಸಿದರು. ಬಾಗಿಲ ಹಿಂದೆ ಉಲ್ಲನ್ ಚೀಲವಿದೆ. ಈ ಸೆಕೆಯ ಊರಿನಲ್ಲಿ ಸ್ವೆಟರ್ ಯಾಕೆ ಎಂದು ಕೇಳುವವರು ಇಲ್ಲಿನ ಆಫೀಸುಗಳ ಎ.ಸಿ.ಯನ್ನು ಕಂಡವರಲ್ಲ. ನಾನು ಹೆಣೆದ ಸ್ವೆಟರನ್ನು ನಮ್ಮವರು ಜೂನ್ ತಿಂಗಳಲ್ಲಿ ಆಫೀಸಿಗೆ ಹಾಕಿಕೊಂಡು ಹೋಗುತ್ತಾರೆ. ಒಂದು ತೋಳು ಕೊಂಚ ಉದ್ದವಾಗಿದೆ, ಅದನ್ನು ಮಡಚಿಕೊಳ್ಳುತ್ತಾರೆ. ಅರಬ್ಬಿ ಭಾಷೆ ಕಲಿಯಲು ಹೊರಟು, ಇಲ್ಲಿಗೆ ಬಂದ ಮೊದಲ ವಾರವೇ ಎಲ್ಲರಿಗೂ ಬರುವ ಯಲ್ಲಾ, ಖಲಾಸ್, ಮಾಫಿಗಳಲ್ಲೇ, ಅಂದರೆ ನಡೆ, ಮುಗಿಯಿತು, ಇಲ್ಲ ಎಂಬಲ್ಲೇ ನಿಂತಿದ್ದೇನೆ. ಮೊಬೈಲಿನಲ್ಲಿ ಚೆಸ್ ಆಡುತ್ತೇನೆ. ಎದುರಾಳಿಗಳು ಯಾವ ಯಾವ ದೇಶದವರೋ ಗೊತ್ತಿಲ್ಲ, ಆದರೆ ನಾನು ಸೋತ ಮೇಲೆ ಅವರು ಕಳಿಸುವ ನಗುಮುಖ ಮಾತ್ರ ಎಲ್ಲ ದೇಶಗಳಿಂದಲೂ ಒಂದೇ ಥರ ಬರುತ್ತದೆ.

ಇವೆಲ್ಲ ಮೂಲೆಯಲ್ಲಿ ಅಡಗುವ ಹವ್ಯಾಸಗಳು. ಅಡಗಲು ಒಪ್ಪದ್ದು ಕೇರಂ. ನಮ್ಮ ಬೋರ್ಡು ಊಟದ ಮೇಜಿನ ಮೇಲಿದೆ. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ, ಮಾತಾಡಲು ಯಾರೂ ಇಲ್ಲದಿದ್ದ ದಿನಗಳಲ್ಲಿ, ನಾನೇ ಕರಿ ನಾನೇ ಬಿಳಿ ಎಂದು ಆಡಿಕೊಂಡು ಕಾಲ ಕಳೆದ ಬೋರ್ಡು ಅದು. ಅದನ್ನು ಇಳಿಸಿದರೆ ಇಡಲು ಬೇರೆ ಜಾಗವಿಲ್ಲದ ಕಾರಣ ನಾವು ಮೂವರೂ ಅದರ ಸುತ್ತ ಉಳಿದ ಅಂಚಿನ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತೇವೆ. ನಮ್ಮವರು ಸದಾಶಿವ, ಟೈಲ್ಸ್ ಕಂಪನಿಯೊಂದರಲ್ಲಿ ಲೆಕ್ಕ ನೋಡುವ ಸಮಾಧಾನಿ ಮನುಷ್ಯ. ಸಾರು ಚೆಲ್ಲಿದರೆ ಬೋರ್ಡಿನ ಕಡೆ ಚೆಲ್ಲದಂತೆ ತಮ್ಮ ಅಂಗಿಯ ಕಡೆ ಚೆಲ್ಲಿಕೊಳ್ಳುವಷ್ಟು ಒಳ್ಳೆಯವರು. ಅಂಥವರೇ ಒಂದು ಸಂಜೆ ಗಂಟಲು ಸರಿಮಾಡಿಕೊಂಡರು.

"ಸುಮತೀ, ಮಗಳಿಗೆ ಈ ವರ್ಷ ಹತ್ತನೇ ಕ್ಲಾಸ್. ಅವಳಿಗೆ ಓದ್ಲಿಕ್ಕೆ ಒಂದು ಟೇಬಲ್ ಬೇಕು ಮಾರಾಯ್ತಿ."

"ಇದರ ಮೇಲೆಯೇ ಪುಸ್ತಕ ಇಟ್ಟು ಓದಲಿ. ನುಣ್ಣಗೆ ಉಂಟಲ್ಲ," ಎಂದೆ.

ಮಗಳು ಅನಘಾ ಫೋನಿನಿಂದ ತಲೆ ಎತ್ತದೆಯೇ ಹೇಳಿದಳು, "ಅಮ್ಮಾ, ಮೈ ನೋಟ್ಸ್ ಆರ್ ಫುಲ್ ಆಫ್ ಪೌಡರ್. ಮಿಸ್ ಆಸ್ಕ್ಡ್ ಮೀ ಇಫ್ ವೀ ರನ್ ಎ ಬೇಕರಿ."

ಮಾತು ಬೆಳೆಯಿತು. ನಮ್ಮೂರಿನವರು ವರ್ಷಕ್ಕೊಮ್ಮೆ ದುಬೈಯ ಊದ್ ಮೇಥಾದಲ್ಲಿ ನಡೆಸುವ ಕ್ರೀಡಾಕೂಟದಲ್ಲಿ ನಾನು ಕೇರಂ ಆಡುತ್ತ ಬಂದಿದ್ದೇನೆ. ಅಲ್ಲಿ ಒಮ್ಮೆಯಾದರೂ ಮೊದಲ ಸುತ್ತು ದಾಟಿದ್ದುಂಟಾ ಎಂದು ನಮ್ಮವರು ಕೇಳಿದರು. ದಾಟಿಲ್ಲ ಎಂಬುದು ಅವರಿಗೇ ಗೊತ್ತಿತ್ತು, ಯಾಕೆಂದರೆ ಪ್ರತಿ ವರ್ಷ ಸಮೋಸಾ ಬರುವ ಮೊದಲೇ ನನ್ನನ್ನು ಮನೆಗೆ ಕರೆತಂದವರು ಅವರೇ. ಕೊನೆಗೆ ಒಪ್ಪಂದವಾಯಿತು. ಈ ಸಲ ಗೆದ್ದು ಬಂದರೆ ಬೋರ್ಡಿನ ಸುದ್ದಿಯನ್ನು ಇವರು ಜನ್ಮದಲ್ಲಿ ಎತ್ತುವುದಿಲ್ಲ. ಸೋತರೆ ಬೋರ್ಡು ಯಾರಾದರೂ ಬ್ಯಾಚುಲರ್ ಹುಡುಗರ ರೂಮಿಗೆ ಹೋಗುತ್ತದೆ, ಆ ಜಾಗದಲ್ಲಿ ಮಗಳು ಓದುತ್ತಾಳೆ. "ಖಲಾಸ್," ಎಂದು ಇವರು ಕೈ ಒರೆಸಿಕೊಂಡರು. ನಾನು ಧೈರ್ಯದಿಂದ ಹೂಂ ಎಂದೆನಾದರೂ ಒಳಗೆ ಅಳು ಬಂದಿತ್ತು. ಬೋರ್ಡು ಹೋಗುವುದು ಒಂದು ವಿಷಯ. ಇವಳ ಕೈಯಲ್ಲಿ ಯಾವುದೂ ಕೊನೆ ಮುಟ್ಟುವುದಿಲ್ಲ ಎಂದು ಮನೆಯವರೇ ತೀರ್ಮಾನಿಸುವುದು ಇನ್ನೊಂದು. ಅವರು ಹಾಗೆ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ನನಗೆ ಕೇಳಿಸಿತ್ತು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಹೇಳಬೇಕು, ಅದು ಬೇಡದ ವಿಷಯದಂತೆ ಕಂಡರೂ ಬೇಕಾದದ್ದೇ. ನಾನು ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತೇನೆ. ಅಡುಗೆಯ ವಿಡಿಯೋಗಳನ್ನು ಹಾಕುವ ಒಂದು ಕಂಪನಿ. ಅವುಗಳ ಕೆಳಗೆ ಜನ ಕನ್ನಡದಲ್ಲಿ, ಹಿಂದಿಯಲ್ಲಿ ಬರೆಯುವ ಕಮೆಂಟುಗಳನ್ನು ಓದಿ, ಬಯ್ಗುಳವಿದ್ದರೆ ಅಳಿಸುವುದು ನನ್ನ ಕೆಲಸ. ಅಡುಗೆಯ ಕೆಳಗೆ ಎಂಥ ಬಯ್ಗುಳ ಎಂದು ಸೇರುವಾಗ ನಾನೂ ಅಂದುಕೊಂಡಿದ್ದೆ. ಸಾಂಬಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂದು ಬೆಳಿಗ್ಗೆ ಶುರುವಾದ ಮಾತು ಮಧ್ಯಾಹ್ನದ ಹೊತ್ತಿಗೆ ಯಾರದೋ ಅಜ್ಜಿಯ ನಡತೆಯವರೆಗೆ ಹೋಗಿರುತ್ತದೆ. ನಾನು ಒಂದು ಬಟನ್ ಒತ್ತಿದರೆ ಬೆಲ್ಲದವರೂ ಇಲ್ಲ, ಅಜ್ಜಿಯೂ ಇಲ್ಲ. ಕುಳಿತಲ್ಲೇ ಜಗತ್ತಿನ ಜಗಳ ನಿಲ್ಲಿಸುವ ಈ ಅಧಿಕಾರ ನನಗೆ ಸ್ವಲ್ಪ ತಲೆಗೇರಿದೆ ಎಂದು ಮಗಳು ಹೇಳುತ್ತಾಳೆ. ಇರಬಹುದು. ನಮ್ಮವರು ಊಟದಲ್ಲಿ ಉಪ್ಪು ಕಡಿಮೆ ಎಂದಾಗ ನನ್ನ ತೋರುಬೆರಳು ತಾನಾಗಿ ಬಟನ್ ಹುಡುಕುವುದುಂಟು.

ಹಗಲಿಡೀ ಶಾಂತಿ ಕಾಯುವ ನಾನು ಸಂಜೆ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಬರೆಯುವುದನ್ನು ನನ್ನ ಕಂಪನಿ ಕಂಡಿದ್ದರೆ ಮೊದಲು ನನ್ನನ್ನೇ ಅಳಿಸುತ್ತಿತ್ತು. ನಮ್ಮೂರು ಕರಾವಳಿಯ ಒಂದು ಸಣ್ಣ ಪೇಟೆ. ಅಲ್ಲಿಂದ ದುಬೈ, ಅಬುಧಾಬಿ, ಶಾರ್ಜಾಗಳಿಗೆ ಬಂದವರೆಲ್ಲ ಆ ಗುಂಪಿನಲ್ಲಿದ್ದೇವೆ. ಊರಿನ ಪುರಸಭೆಗೆ ಚುನಾವಣೆ ಬರುವುದಿತ್ತು, ಚುನಾವಣೆಗೆ ಇದ್ದ ವಿಷಯ ಒಂದೇ: ಹೊಸ ಬಸ್ ಸ್ಟ್ಯಾಂಡ್ ಪೇಟೆಯ ಒಳಗೆ ಆಗಬೇಕೋ ಹೈವೇ ಬದಿಯಲ್ಲೋ. ನಮ್ಮಲ್ಲಿ ಯಾರೂ ರಜೆ ಹಾಕಿ ಓಟು ಕೊಡಲು ಹೋಗುವವರಲ್ಲ. ಊರಿಗೆ ಹೋದಾಗಲೂ ಮಂಗಳೂರು ವಿಮಾನ ನಿಲ್ದಾಣದಿಂದ ನೇರ ಟ್ಯಾಕ್ಸಿಯಲ್ಲಿ ಮನೆಯಂಗಳದಲ್ಲೇ ಇಳಿಯುವವರು. ಬಸ್ಸು ಹತ್ತಿ ಎಷ್ಟು ಕಾಲವಾಯಿತೋ ನಮಗೇ ನೆನಪಿಲ್ಲ. ಬಸ್ ಸ್ಟ್ಯಾಂಡಿನ ವಿಷಯದಲ್ಲಿ ಮಾತ್ರ ಒಬ್ಬೊಬ್ಬರೂ ಪ್ರಾಣ ಕೊಡಲು ತಯಾರಿದ್ದೆವು. ನಾನು ಹೈವೇ ಪಕ್ಷ. ದಿನ ಬಿಟ್ಟು ದಿನ ಉದ್ದುದ್ದ ಬರೆಯುತ್ತಿದ್ದೆ. ಇತಿಹಾಸ, ಭೂಗೋಳ, ಮೀನುಗಾರ ಹೆಂಗಸರ ಕಷ್ಟ, ಆಂಬುಲೆನ್ಸ್ ತಿರುಗಬೇಕಾದ ಅಗಲ, ಎಲ್ಲವೂ ಅದರಲ್ಲಿರುತ್ತಿತ್ತು. ನಾಲ್ಕಾರು ಜನ ಕೈಮುಗಿಯುವ ಚಿತ್ರ ಹಾಕುತ್ತಿದ್ದರು. ಅಷ್ಟರಲ್ಲಿ ಒಂದು ನಂಬರಿನಿಂದ ಉತ್ತರ ಬರುತ್ತಿತ್ತು: "ಓದಿದೆ. ತಪ್ಪು."

ಆ ನಂಬರಿಗೆ ಮನುಷ್ಯರ ಹೆಸರಿರಲಿಲ್ಲ. ಆಟೋ ಸ್ಪೇರ್ ಪಾರ್ಟ್ಸ್, ರಾಸ್ ಅಲ್ ಖೋರ್ ಎಂದು ಬರುತ್ತಿತ್ತು; ದುಬೈಯಲ್ಲಿ ಗ್ಯಾರೇಜುಗಳೇ ತುಂಬಿದ ಜಾಗ ಅದು. ಫೋಟೋ ಇರಬೇಕಾದಲ್ಲಿ ಒಂದು ರೇಡಿಯೇಟರ್. ಇಲ್ಲಿ ಅಂಗಡಿಯ ನಂಬರನ್ನೇ ಮನೆಗೂ ಬಳಸುವವರು ಬೇಕಾದಷ್ಟು ಜನ ಇದ್ದಾರೆ, ಅದರಲ್ಲಿ ವಿಶೇಷವಿಲ್ಲ. ನಾನು ಮಾತ್ರ ಆ ರೇಡಿಯೇಟರಿನ ಹಿಂದೆ ಒಬ್ಬ ಮನುಷ್ಯನನ್ನು ಪೂರ್ತಿ ಕಟ್ಟಿ ನಿಲ್ಲಿಸಿದ್ದೆ. ದಪ್ಪ ಕುತ್ತಿಗೆ, ಗಿರಿಜಾ ಮೀಸೆ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಹೆಂಡತಿಯ ಮಾತಿಗೂ "ಕೇಳಿದೆ, ತಪ್ಪು" ಎನ್ನುವ ಜಾತಿ. "ಸ್ಪೇರ್ ಪಾರ್ಟ್ಸಿನ ಸ್ವಾಮಿಗಳೇ, ನಿಮಗೆ ಗೇರ್‌ಬಾಕ್ಸ್ ಗೊತ್ತಿರಬಹುದು, ಬಡವರ ಕಷ್ಟ ಗೊತ್ತಿಲ್ಲ" ಎಂದು ಬರೆದೆ. "ಮೊದಲು ಜಾಗ ನೋಡಿ, ಆಮೇಲೆ ಕಟ್ಟಡ ಕಟ್ಟಿ" ಎಂದು ಉತ್ತರ ಬಂತು. ನಾನು ಇನ್ನೂರು ಸಾಲು ಬರೆದರೂ ಆ ಮನುಷ್ಯ ಒಂದೇ ಸಾಲಿನಲ್ಲಿ ಮುಗಿಸುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಚುನಾವಣೆ ಮುಂದೆ ಮುಂದೆ ಹೋಗುತ್ತಿತ್ತು, ನಮ್ಮ ಜಗಳ ಮಾತ್ರ ಹೇಳಿದ ಸಮಯಕ್ಕೆ ಸರಿಯಾಗಿ ಆಗುತ್ತಿತ್ತು.

ಕ್ರೀಡಾಕೂಟದ ದಿನ ಬಂತು. ಮಹಿಳೆಯರ ಡಬಲ್ಸ್‌ಗೆ ಜೊತೆಗಾರ್ತಿಯನ್ನು ನಾವೇ ಆರಿಸಿಕೊಳ್ಳುವಂತಿಲ್ಲ. ಒಂದೇ ಬಿಲ್ಡಿಂಗಿನವರು ಸೇರಿಕೊಂಡು ಆಡುತ್ತಾರೆ ಎಂದು ಹಿಂದೆ ದೂರು ಬಂದದ್ದರಿಂದ ಅಲ್ಲಿ ಚೀಟಿ ಎತ್ತುವ ಪದ್ಧತಿ ಇದೆ. ನನ್ನ ಸೋಲುಗಳಿಗೆ ಈ ಪದ್ಧತಿಯೇ ಕಾರಣ ಎಂದು ನಾನು ಮನೆಯಲ್ಲಿ ಹೇಳಿಕೊಂಡು ಬಂದಿದ್ದೆ. ನಿಜವಾದ ಕಾರಣ ನನ್ನ ಬಾಯಿ. ಡಬಲ್ಸ್‌ನಲ್ಲಿ ಜೊತೆಗಾರರು ಬೋರ್ಡಿನ ಆಚೆ ಈಚೆ ಎದುರುಬದುರು ಕೂರುತ್ತಾರೆ, ಆಟ ನಡೆಯುವಾಗ ಅವರು ಪರಸ್ಪರ ಮಾತಾಡುವಂತಿಲ್ಲ. ಮಾತಾಡಿದರೆ ಫೌಲ್, ಗೆದ್ದ ಕಾಯಿ ಬೋರ್ಡಿಗೆ ವಾಪಸ್ಸು. ನನಗೋ, ಜೊತೆಗಾರ್ತಿ ಸ್ಟ್ರೈಕರ್ ಇಡುವ ಮೊದಲೇ "ಅದಲ್ಲ, ಆ ಬದಿಯದ್ದು" ಎಂದು ಬಂದುಬಿಡುತ್ತದೆ. ಒಂದು ವರ್ಷ ಅದನ್ನು ತಡೆಯಲು ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಕೂತೆ; ಏಲಕ್ಕಿಯ ಸಮೇತ ಮಾತಾಡಿದೆ. ಹೋದ ಸಲದ ಜೊತೆಗಾರ್ತಿ ಪಾಪದ ಹೆಂಗಸು, ಆಟ ಮುಗಿದ ಮೇಲೆ ನನಗೆ ನಮಸ್ಕಾರ ಮಾಡಿ ಹೋದವರು ಈಗ ಸೂಪರ್ ಮಾರ್ಕೆಟಿನಲ್ಲಿ ಸಿಕ್ಕರೂ ಬೇರೆ ಸಾಲಿಗೆ ತಿರುಗುತ್ತಾರೆ.

ಈ ಸಲ ನನಗೆ ಬಂದ ಚೀಟಿಯಲ್ಲಿ ಜೊಹರಾ ಎಂದಿತ್ತು. ಪರಿಚಯವಿಲ್ಲದ ಹೆಸರು. ಒಳ್ಳೆಯದೇ ಆಯಿತು, ನನ್ನ ಕೀರ್ತಿ ಅವರಿಗೆ ತಲುಪಿರಲಾರದು ಎಂದುಕೊಂಡೆ. ಚಹಾದ ಮೇಜಿನ ಬಳಿ ನನ್ನದೇ ವಯಸ್ಸಿನ, ಸಪೂರ ದೇಹದ, ನೀಲಿ ಸ್ಕಾರ್ಫ್ ಸುತ್ತಿಕೊಂಡ ಹೆಂಗಸೊಬ್ಬರು ನನ್ನ ಹತ್ತಿರ ಬಂದರು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟಿದ್ದರು.

"ಸುಮತಿ ಅಲ್ವಾ? ನಾನು ಜೊಹರಾ. ರಾಸ್ ಅಲ್ ಖೋರ್."

"ಹೌದಾ, ಅಲ್ಲಿ ನೀವು ಎಂತ ಮಾಡುವುದು?" ಎಂದು ಉಪಚಾರಕ್ಕೆ ಕೇಳಿದೆ.

"ನಮ್ಮದೇ ಅಂಗಡಿ. ಕೌಂಟರಲ್ಲಿ ನಾನೇ ಕೂರುವುದು. ನೀವು ಸ್ವಾಮಿಗಳೇ ಅಂತ ಬರೀತೀರಲ್ಲ, ಅದು ನನಗೇ."

ನನ್ನ ಗಿರಿಜಾ ಮೀಸೆಯವನು ಬೀಗದ ಕೈಗಳ ಸಮೇತ ಅಲ್ಲೇ ಮಾಯವಾದ. ಅವನ ಜಾಗದಲ್ಲಿ ನಿಂತಿದ್ದವರು ಶಾಂತವಾಗಿ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಸ್ವಲ್ಪ ಹೊತ್ತು ಮಾತ್ರ.

"ಹೈವೇ ಬದಿಯ ಜಾಗ ತಗ್ಗು. ಮಳೆಗಾಲದಲ್ಲಿ ಸೊಂಟದವರೆಗೆ ನೀರು ನಿಲ್ತದೆ. ಅದೊಂದು ನೀವು ಬರೆಯುವುದೇ ಇಲ್ಲ," ಎಂದರು ಜೊಹರಾ.

"ಮಣ್ಣು ಹಾಕಿ ಎತ್ತರ ಮಾಡ್ಲಿಕ್ಕೆ ಆಗುವುದಿಲ್ವಾ? ಪೇಟೆಯೊಳಗೆ ಬಸ್ಸು ತಿರುಗ್ಲಿಕ್ಕೆ ಜಾಗ ಎಲ್ಲುಂಟು?"

"ಮೀನು ಮಾರ್ಕೆಟಿನ ಹಿಂದೆ."

"ಅಲ್ಲಿ ಗೋದಾಮು ಉಂಟಲ್ಲ ಮಾರಾಯ್ರೆ."

"ಗೋದಾಮು ಕೆಡವಿ ಎಷ್ಟು ಕಾಲ ಆಯ್ತು. ನೀವು ಊರಿಗೆ ಹೋಗದೆ ಎಷ್ಟು ವರ್ಷ ಆಯ್ತು?"

ಈ ಕೊನೆಯ ಮಾತು ನನಗೆ ಚುಚ್ಚಿತು. ನಾನು ಅವರ ಎರಡು ವರ್ಷದ ಒಂದೊಂದು ಸಾಲಿಗೂ ಸೇರಿಸಿ ಅಲ್ಲೇ ಉತ್ತರ ಕೊಟ್ಟೆ. ಅವರು ಪೂರ್ತಿ ಕೇಳಿ "ತಪ್ಪು" ಎಂದರು. ವಡೆ ತಣ್ಣಗಾಯಿತು. ಅಂಪೈರ್ ಆಗಿದ್ದ ಪ್ರಭಾಕರಣ್ಣ, ಶಾರ್ಜಾದಲ್ಲಿ ಔಷಧಿ ಅಂಗಡಿಯಲ್ಲಿರುವವರು, ನಮ್ಮ ಹೆಸರು ಕರೆದಾಗ ನಾವಿಬ್ಬರೂ ಮುಖ ಊದಿಸಿಕೊಂಡು ಬೇರೆ ಬೇರೆ ದಾರಿಯಲ್ಲಿ ಒಂದೇ ಬೋರ್ಡಿಗೆ ಹೋಗಿ ಕೂತೆವು. ಇಂಥವರ ಜೊತೆ ಇನ್ನು ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ಅವರ ಮುಖ ನೋಡಿದರೆ ಅಲ್ಲೂ ಅದೇ ತೀರ್ಮಾನವಾದಂತಿತ್ತು.

ಹೀಗೆ, ನನ್ನ ಕೇರಂ ಬದುಕಿನಲ್ಲಿ ಮೊದಲ ಬಾರಿಗೆ, ನಾನು ಆಟದ ನಡುವೆ ಬಾಯಿ ತೆರೆಯಲಿಲ್ಲ. ಸಿಟ್ಟಿಗೆ ಇಷ್ಟು ಉಪಯೋಗವಿದೆ ಎಂದು ನನಗೆ ತಿಳಿದೇ ಇರಲಿಲ್ಲ. ಮೊದಲ ಪಂದ್ಯದಲ್ಲಿ ನಮ್ಮ ಎದುರಿಗಿದ್ದವರು ಚೀಟಿಯಲ್ಲೂ ಜೊತೆಯಾಗಿ ಬಂದ ಗೆಳತಿಯರು. ಆಗಾಗ ಪಿಸುಗುಟ್ಟಿ ಎರಡು ಸಲ ಫೌಲ್ ಮಾಡಿಕೊಂಡರು. ನಾವು ಕಲ್ಲಿನಂತೆ ಕೂತು ಆಡಿ ಗೆದ್ದೆವು. ಗೆದ್ದ ಮೇಲೂ ಕೈ ಕುಲುಕಲಿಲ್ಲ. ನನ್ನನ್ನು ಕರೆದುಕೊಂಡು ಹೋಗಲು ನಮ್ಮವರು ವಾಡಿಕೆಯಂತೆ ಮೊದಲ ಸುತ್ತಿನ ಹೊತ್ತಿಗೇ ಬಂದು ಬಾಗಿಲಲ್ಲಿ ನಿಂತಿದ್ದರು. ಮೊಬೈಲಿನಲ್ಲಿ ಸ್ವಲ್ಪ ಹೊತ್ತಿಗಷ್ಟೇ ಪಾರ್ಕಿಂಗ್ ದುಡ್ಡು ಹಾಕಿದ್ದವರು, ನಾನು ಎರಡನೇ ಸುತ್ತಿಗೆ ಹೋಗುತ್ತೇನೆ ಎಂದಾಗ ಕಿವಿಯನ್ನು ನಂಬದೆ ಜೊತೆಗೆ ಬಂದಿದ್ದ ಮಗಳ ಮುಖ ನೋಡಿದರು.

"ಡ್ಯಾಡಿ, ಎಕ್ಸ್‌ಟೆಂಡ್ ದ ಪಾರ್ಕಿಂಗ್," ಎಂದಳು ಮಗಳು. ಅವಳ ದನಿಯಲ್ಲಿ ಗೌರವ ಇತ್ತೆಂದು ನನ್ನ ನಂಬಿಕೆ.

ಎರಡನೇ ಪಂದ್ಯದಲ್ಲಿ ನನಗೆ ಇನ್ನೊಂದು ವಿಷಯ ಹೊಳೆಯಿತು. ಜೊಹರಾ ಸ್ಟ್ರೈಕರ್ ಎತ್ತುವ ಮೊದಲೇ ಅವರು ಯಾವ ಕಾಯಿಗೆ ಗುರಿಯಿಡುತ್ತಾರೆ ಎಂಬುದು ನನಗೆ ಗೊತ್ತಾಗುತ್ತಿತ್ತು. ಆ ಹೆಂಗಸು ಹಿಡಿದದ್ದನ್ನು ಮುಗಿಸದೆ ಇನ್ನೊಂದಕ್ಕೆ ಹೋಗುವವರಲ್ಲ, ಚಂದ ಕಾಣಲಿ ಎಂದು ಕಷ್ಟದ ಹೊಡೆತಕ್ಕೆ ಕೈಹಾಕುವವರಲ್ಲ, ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಹಾರುವವರಂತೂ ಅಲ್ಲವೇ ಅಲ್ಲ. ವಾಟ್ಸಾಪಿನಲ್ಲಿ ನನ್ನ ಹೊಟ್ಟೆ ಉರಿಸಿದ ಗುಣಗಳೇ ಬೋರ್ಡಿನ ಮೇಲೆ ಕಾಯಿ ಹಾಕುತ್ತಿದ್ದವು. ಎರಡು ವರ್ಷ ನಾನು ಆ ನಂಬರಿನ ಒಂದೊಂದು ಪದವನ್ನೂ ಹಲ್ಲು ಕಚ್ಚಿ ಓದಿದ್ದೆ, ನನ್ನ ಗಂಡನ ಮೆಸೇಜುಗಳನ್ನೂ ಅಷ್ಟು ಗಮನವಿಟ್ಟು ಓದಿದವಳಲ್ಲ. ಅತ್ತ ಅವರೂ ನಾನು ಎಲ್ಲಿ ಅವಸರಪಡುತ್ತೇನೆ, ಎಲ್ಲಿ ಜಂಭಕ್ಕೆ ಹೊಡೆಯುತ್ತೇನೆ ಎಂದು ತಿಳಿದು, ನಾನು ಕೆಡಿಸಿದ್ದನ್ನು ಮುಂದಿನ ಸರದಿಯಲ್ಲೇ ಸರಿಮಾಡುತ್ತಿದ್ದರು. ಸ್ನೇಹಿತೆಯರಿಗೆ ಇಷ್ಟು ಹೊಂದಾಣಿಕೆ ಬರಲು ಸಾಧ್ಯವಿಲ್ಲ. ಸ್ನೇಹದಲ್ಲಿ ನಾವು ಒಬ್ಬರ ಮಾತನ್ನು ಒಬ್ಬರು ಅರ್ಧಂಬರ್ಧ ಕೇಳುತ್ತೇವೆ.

ಫೈನಲ್ ಶುರುವಾಗುವ ಹೊತ್ತಿಗೆ ನಮ್ಮವರು ಮತ್ತೊಮ್ಮೆ ಪಾರ್ಕಿಂಗ್ ಹಾಕಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಎದುರಾಳಿ ಶಾಲಿನಿ ಟೀಚರ್. ಮೂರು ವರ್ಷದ ಹಿಂದೆ ಏಲಕ್ಕಿಯ ಸಮೇತ ನನ್ನನ್ನು ಸೋಲಿಸಿದವರು. ಪಾಕೆಟಿಗೆ ಕಾಯಿ ಬಿದ್ದರೂ ಬೀಳದಿದ್ದರೂ ತರಗತಿಯಲ್ಲಿ ಗದ್ದಲ ಮಾಡಿದ ಮಕ್ಕಳನ್ನು ನೋಡುವಂತೆ ಒಂದೇ ರೀತಿ ನಗುತ್ತಾರೆ. ಅವರ ಜೊತೆಗಾರ್ತಿ ಅಬುಧಾಬಿಯಿಂದ ಬಂದ ಒಬ್ಬ ನರ್ಸ್, ಕೈ ಸ್ವಲ್ಪವೂ ನಡುಗದ ಹುಡುಗಿ. ಅವರು ಮೊದಲ ಎರಡು ಆಟ ಗೆದ್ದರು, ನಾವು ಮುಂದಿನ ಎರಡನ್ನು ಗೆದ್ದೆವು. ಕೊನೆಯ ಆಟದಲ್ಲಿ ನಮಗೆ ಮೂರು ಬಿಳಿ ಉಳಿದಿತ್ತು, ಅವರಿಗೆ ಎರಡೇ ಕರಿ, ನಡುವೆ ಕೆಂಪು ರಾಣಿ. ಆಡದವರಿಗಾಗಿ ಹೇಳುತ್ತೇನೆ, ರಾಣಿಯನ್ನು ಹಾಕಿದರೆ ಸಾಲದು, ಅದರ ಬೆನ್ನಿಗೇ ನಮ್ಮದೊಂದು ಕಾಯಿ ಹಾಕಿ ಅದನ್ನು ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ರಾಣಿ ಮತ್ತೆ ನಡುವಿಗೆ ಬಂದು ಕೂರುತ್ತದೆ.

ಸರದಿ ನನ್ನದು. ರಾಣಿ ದೂರದ ಮೂಲೆಗೆ ಓರೆಯಾಗಿತ್ತು. ಒಂದು ಬದಿಯ ಚೌಕಟ್ಟಿಗೆ ಹೊಡೆಸಿ ತಂದರೆ ಬೀಳಬಹುದಿತ್ತು, ಬಿದ್ದರೆ ಅಲ್ಲಿ ಕೂತಿದ್ದವರೆಲ್ಲ ವರ್ಷಗಟ್ಟಲೆ ಮಾತಾಡಿಕೊಳ್ಳುವಂಥ ಹೊಡೆತ. ಆದರೆ ಬಿದ್ದರೂ ಅದರ ಬೆನ್ನಿಗೆ ಹಾಕಲು ನಮ್ಮ ಕಾಯಿ ಯಾವುದೂ ಸರಿಯಾದ ಜಾಗದಲ್ಲಿರಲಿಲ್ಲ. ನನ್ನ ಬೆರಳು ಆಗಲೇ ರಾಣಿಯ ಕಡೆ ತಿರುಗಿತ್ತು. ಎದುರಿಗೆ ಜೊಹರಾ ಸನ್ನೆ ಮಾಡಲಿಲ್ಲ, ಹುಬ್ಬು ಕೂಡ ಎತ್ತಲಿಲ್ಲ. ಕನ್ನಡಕ ತೆಗೆದು ಸ್ಕಾರ್ಫಿನ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದರು, ಅಷ್ಟೆ. ಆದರೂ ನನಗೆ ರೇಡಿಯೇಟರಿನ ಚಿತ್ರದ ಪಕ್ಕದಲ್ಲಿ ಬರೆದಂತೆ ಆ ಸಾಲು ಕಂಡಿತು: ಮೊದಲು ಜಾಗ ನೋಡಿ, ಆಮೇಲೆ ಕಟ್ಟಡ ಕಟ್ಟಿ. ಆ ಮಾತಿಗೆ ನಾನು ಗುಂಪಿನಲ್ಲಿ ಕೊಟ್ಟ ಇಪ್ಪತ್ತು ಉತ್ತರಗಳೂ ನೆನಪಿದ್ದವು, ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ. ನಾನು ರಾಣಿಯನ್ನು ಬಿಟ್ಟು, ಒಂದು ಬಿಳಿ ಕಾಯಿಯನ್ನು ಮೆತ್ತಗೆ ತಳ್ಳಿ, ಜೊಹರಾ ಅವರ ಎದುರಿನ ಪಾಕೆಟಿನ ಬಾಯಿಗೆ ಕೂರಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮವರು ಅಯ್ಯೋ ಎಂದದ್ದು ಕೇಳಿಸಿತು.

ಶಾಲಿನಿ ಟೀಚರಿಗೆ ಅದರ ಅರ್ಥ ಆಯಿತು. ಆ ಬಿಳಿಯನ್ನು ಮುಟ್ಟಿದರೆ ಪಾಕೆಟಿಗೇ ಬೀಳುತ್ತದೆ, ಬಿಟ್ಟರೆ ನಮಗೆ ಸಿಗುತ್ತದೆ. ಅವರು ರಾಣಿಯನ್ನೇ ತೆಗೆದುಬಿಡಲು ನೋಡಿದರು. ರಾಣಿ ಪಾಕೆಟಿನ ಅಂಚು ತಾಗಿ ಹಿಂದೆ ಬಂದು ಜೊಹರಾ ಮುಂದೆ ನಿಂತಿತು. ಅಂದು ಮೊದಲ ಬಾರಿಗೆ ಟೀಚರ ನಗು ಕಾಣಲಿಲ್ಲ. ಜೊಹರಾ ಕನ್ನಡಕ ಹಾಕಿಕೊಂಡರು. ರಾಣಿಯನ್ನು ಹಾಕಿದರು, ಅದರ ಬೆನ್ನಿಗೆ ನಾನಿಟ್ಟ ಬಿಳಿಯನ್ನೂ ಹಾಕಿದರು, ಮತ್ತೊಂದನ್ನೂ ಹಾಕಿದರು. ಕೊನೆಯದು ಸ್ವಲ್ಪದರಲ್ಲಿ ತಪ್ಪಿತು. ನರ್ಸ್ ಹುಡುಗಿ ಒಂದು ಕರಿ ತೆಗೆದು ಇನ್ನೊಂದನ್ನು ತಪ್ಪಿಸಿದಳು. ಆಮೇಲೆ ಬೋರ್ಡಿನಲ್ಲಿ ಒಂದು ಬಿಳಿ, ಒಂದು ಕರಿ, ಎದುರಿಗೆ ನಾನು. ಸುಲಭದ ಹೊಡೆತ. ಸುಲಭದ್ದನ್ನೇ ನಾನು ಜನ್ಮವಿಡೀ ತಪ್ಪಿಸಿಕೊಂಡು ಬಂದವಳು. ಉಸಿರು ಹಿಡಿದು, ಯಾವ ಚಂದವೂ ಇಲ್ಲದೆ, ನೇರ ಹೊಡೆದೆ. ಕಾಯಿ ಪಾಕೆಟಿನೊಳಗೆ ಬಿದ್ದ ಸದ್ದು ನನಗೆ ಈಗಲೂ ಪಾತ್ರೆ ತೊಳೆಯುವಾಗ ಕೇಳಿಸುತ್ತದೆ.

ಅಲ್ಲಿದ್ದವರೆಲ್ಲ ಎದ್ದು ನಿಂತರು. ಬಸ್ ಸ್ಟ್ಯಾಂಡಿನ ಎರಡು ಪಕ್ಷಗಳೂ ಒಟ್ಟಿಗೆ ಕೂಗುತ್ತಿದ್ದವು. ಅನಘಾ ಓಡಿಬಂದು ಎಲ್ಲರೆದುರಿಗೆ ನನ್ನನ್ನು ತಬ್ಬಿಕೊಂಡಳು. ಹದಿನೈದರ ಮಗಳು ಸಾರ್ವಜನಿಕವಾಗಿ ಅಮ್ಮನನ್ನು ತಬ್ಬಿಕೊಳ್ಳುವುದೆಂದರೆ ಅದಕ್ಕಿಂತ ದೊಡ್ಡ ಕಪ್ ಇಲ್ಲ. ನಮ್ಮವರು ಕಣ್ಣೊರೆಸಿಕೊಂಡು ಎ.ಸಿ. ಗಾಳಿಗೆ ಎಂದರು. ನಾನು ಜೊಹರಾ ಕಡೆ ಕೈ ಚಾಚಿದೆ, ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಒಳ್ಳೆ ಜಾಗಕ್ಕೆ ಇಟ್ರಿ," ಎಂದರು. ನನಗೆ ಅಷ್ಟು ಸಂತೋಷವಾದದ್ದು ಹತ್ತಿರದಲ್ಲಿ ನೆನಪಿಲ್ಲ. ಇವಳ ಕೈಯಲ್ಲಿ ಯಾವುದೂ ಕೊನೆ ಮುಟ್ಟುವುದಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಬಹುಮಾನಕ್ಕೆ ಕರೆದರು. ಕಪ್‌ಗಳು ಮನೆಯಲ್ಲಿ ಸುಮ್ಮನೆ ಧೂಳು ತಿನ್ನುತ್ತವೆ, ಈ ವರ್ಷದಿಂದ ಉಪಯೋಗಕ್ಕೆ ಬರುವ ವಸ್ತು ಕೊಡುತ್ತೇವೆ ಎಂದು ಕಾರ್ಯದರ್ಶಿ ಮೈಕಿನಲ್ಲಿ ಹೇಳಿದರು. ಬ್ಯಾಡ್ಮಿಂಟನ್ ಗೆದ್ದವರಿಗೆ ರ‍್ಯಾಕೆಟ್ ಸಿಕ್ಕಿತು. ಮಹಿಳೆಯರ ಕೇರಂ ಡಬಲ್ಸ್ ಎಂದಾಗ ಇಬ್ಬರು ಗಂಡಸರು ಪರದೆಯ ಹಿಂದಿನಿಂದ ಬಣ್ಣದ ಕಾಗದ ಸುತ್ತಿದ ಒಂದು ಭಾರಿ ಚೌಕವನ್ನು ಅಡ್ಡಡ್ಡವಾಗಿ ನಡೆದುಕೊಂಡು ತಂದರು. ಕಾಗದ ಬಿಚ್ಚುವ ಅಗತ್ಯವಿರಲಿಲ್ಲ. ಪಂದ್ಯಗಳಲ್ಲಿ ಬಳಸುವ ದಪ್ಪ ಚೌಕಟ್ಟಿನ ದೊಡ್ಡ ಬೋರ್ಡು, ಜೊತೆಗೆ ಅದನ್ನು ನಿಲ್ಲಿಸಲು ಕಬ್ಬಿಣದ ಸ್ಟ್ಯಾಂಡ್. ಇಬ್ಬರಿಗೂ ಸೇರಿ ಒಂದೇ.

ಹೊರಗೆ ಪಾರ್ಕಿಂಗಿನಲ್ಲಿ ಜೊಹರಾ ಅವರ ಅಂಗಡಿಯ ಪಿಕಪ್ ನಿಂತಿತ್ತು. ಅದರ ಪಕ್ಕದಲ್ಲಿ ಬೋರ್ಡನ್ನು ಒರಗಿಸಿ ನಾವು ನಿಂತೆವು. ಆಟ ಮುಗಿದಿದ್ದರಿಂದ ಈಗ ಮಾತಾಡಬಹುದಿತ್ತು.

"ಬೋರ್ಡ್ ನಾನು ಕೊಂಡು ಹೋಗ್ತೇನೆ. ಪಿಕಪ್ ಹೇಗೂ ಉಂಟಲ್ಲ," ಎಂದರು ಜೊಹರಾ.

ಅವರು ಅಷ್ಟು ಹೇಳಿದ್ದೇ ತಡ, ನನ್ನೊಳಗೆ ಹೈವೇ ಪಕ್ಷ ಎದ್ದು ನಿಂತಿತು. "ಅದು ಹೇಗೆ ಆಗ್ತದೆ? ಪಿಕಪ್ ಇದ್ದವರಿಗೆಲ್ಲ ಬೋರ್ಡ್ ಕೊಡುವುದು ಅಂತ ಎಲ್ಲುಂಟು?" ಎಂದು ಶುರು ಮಾಡಿದೆ. ರಾಸ್ ಅಲ್ ಖೋರಿನ ಧೂಳು ಮತ್ತು ಎಣ್ಣೆಯ ನಡುವೆ ಇಂಥ ಬೋರ್ಡು ಉಳಿಯುವುದಿಲ್ಲ ಎಂದೆ. ಅಲ್ ನಹ್ದಾ ಎಲ್ಲರಿಗೂ ಬರಲು ಅನುಕೂಲ ಎಂದೆ. ನಾನು ಮನೆಯಲ್ಲೇ ಕೆಲಸ ಮಾಡುವವಳು, ದಿನಾ ಒರೆಸಿ ಇಡಬಲ್ಲೆ, ಅವರು ಹಗಲಿಡೀ ಕೌಂಟರಿನಲ್ಲಿ ಇರುವವರು ಎಂದೆ. ಕೊನೆಯ ಕಾಯಿ ಹಾಕಿದ್ದು ಯಾರು ಎಂದೂ ಕೇಳಿದೆ. ಬಸ್ ಸ್ಟ್ಯಾಂಡಿನ ಬಗ್ಗೆ ಕೂಡ ನಾನು ಅಷ್ಟು ಚೆನ್ನಾಗಿ ಎಂದೂ ವಾದಿಸಿರಲಿಲ್ಲ. ನಮ್ಮವರು ಹಿಂದಿನಿಂದ ನನ್ನ ಸೆರಗು ಎಳೆದರು. ಗೆಲ್ಲುತ್ತಿರುವಾಗ ಸೆರಗು ಎಳೆಯುವುದು ಇವರ ಹಳೆಯ ಅಭ್ಯಾಸ, ನಾನು ತಿರುಗಿ ನೋಡಲಿಲ್ಲ.

ಜೊಹರಾ ಸಾವಕಾಶ ಕೇಳಿದರು. ಎಂದಿನಂತೆ ಒಂದೇ ಸಾಲು ಹೇಳಿದರು, ಸಾಲು ಮಾತ್ರ ಹೊಸದು. "ಆಯ್ತು ಮಾರಾಯ್ರೆ, ನೀವು ಹೇಳಿದ್ದೇ ಸರಿ."

ಎರಡು ವರ್ಷ ನಾನು ಕಾದದ್ದು ಆ ಒಂದು ಮಾತಿಗೆ. ಒಂದೇ ದಿನ ಎರಡು ಗೆಲುವು. ಅವರೇ ಮುಂದಾಗಿ ಬೋರ್ಡನ್ನು ಪಿಕಪ್ಪಿಗೆ ಏರಿಸಿ, ಸ್ಟ್ಯಾಂಡನ್ನು ಮರೆಯದೆ ಹಾಕಿಸಿ, ಅಲ್ ನಹ್ದಾದವರೆಗೆ ಬಂದು, ನಮ್ಮ ಬಿಲ್ಡಿಂಗಿನ ಬಾಗಿಲಲ್ಲಿ ಇಳಿಸಿ, ಸಲಾಂ ಹೇಳಿ ಬೇಗ ಬೇಗ ಹೊರಟುಹೋದರು.

ಲಿಫ್ಟಿನಲ್ಲಿ ಬೋರ್ಡನ್ನು ನಡುವೆ ನಿಲ್ಲಿಸಿದಾಗ ನಾನೊಂದು ಬದಿಗೆ, ನಮ್ಮವರೂ ಮಗಳೂ ಇನ್ನೊಂದು ಬದಿಗೆ ಗೋಡೆಗೆ ಅಂಟಿಕೊಂಡೆವು. ಇವರ ಮುಖ ಕಾಣುತ್ತಿರಲಿಲ್ಲ. ಬೋರ್ಡಿನ ಆಚೆಯಿಂದ ದನಿ ಮಾತ್ರ ಬಂತು.

"ಆ ಜೊಹರಾ ಇಷ್ಟರವರೆಗೆ ನಿನ್ನ ಯಾವುದಾದ್ರೂ ಮಾತಿಗೆ ಒಪ್ಪಿದ್ದುಂಟಾ?"

"ಇಲ್ಲ, ಇವತ್ತೇ ಮೊದಲು," ಎಂದೆ ಹೆಮ್ಮೆಯಿಂದ.

"ಅವರ ಮನೆ ಎಷ್ಟು ದೊಡ್ಡದು?"

"ನಮ್ಮಷ್ಟೇ ಅಂತೆ. ಮೂರು ಮಕ್ಕಳಂತೆ."

"ಹ್ಞೂಂ," ಎಂದಿತು ಬೋರ್ಡು.

ಲಿಫ್ಟು ಏರುತ್ತಿತ್ತು. ಬೋರ್ಡು ತನಗೆ ಬೇಕೆಂದು ಜೊಹರಾ ಮೊದಲು ಹೇಳದೆ ಇದ್ದಿದ್ದರೆ ನಾನೇನು ಹೇಳುತ್ತಿದ್ದೆ ಎಂದು ಯೋಚಿಸಿದೆ. ನೀವೇ ಇಟ್ಟುಕೊಳ್ಳಿ ಎನ್ನುತ್ತಿದ್ದೆ, ಕೈಮುಗಿದು ಎನ್ನುತ್ತಿದ್ದೆ. ನಾನು ಅವರನ್ನು ಓದಿದ್ದೇನೆ ಎಂದು ಹಿಗ್ಗುತ್ತಿದ್ದಾಗ ಅವರು ನನ್ನ ಇನ್ನೂರು ಸಾಲುಗಳನ್ನು ಒಂದೂ ಬಿಡದೆ ಓದಿಕೊಂಡಿದ್ದರು. ಮಾತಿಗೆ ಕಟ್ಟುಬಿದ್ದ ನಮ್ಮವರು ಬೋರ್ಡಿನ ಸುದ್ದಿ ಎತ್ತುವಂತಿಲ್ಲ, ಎತ್ತಲೂ ಇಲ್ಲ. ಬಾಗಿಲು ತೆರೆದುಕೊಂಡಿತು. ಭಾರದ ಬದಿಯನ್ನು ನಾನೇ ಹಿಡಿದುಕೊಂಡೆ.